ಚೆಫಲೂದಾಗ ಗಂಡಿನ ಮನಿ ನೋಡಿದ್ದು

ಧನಕವಡಿ, ಪುಣೆ

ಆಗ ನನಗ ಎಪ್ಪತ್ತೊಂದು. ಅದಾಗಿ ಮೂರು ವರ್ಷ ಆತು. ಎರಡನೇತ್ತಾ ತನಕ ಸಾಲಿ ಕಲಿತಾಕಿ ನಾ. ನಾಕು ಸಾಲು ಬರದ್ರ ಕೈ ನೋಯ್ತದ. ಆದ್ರ ನಮ್ಮ ಓಣಿ ಕನ್ನಡ ಹೆಣ್ಣಮಕ್ಕಳ ಮಂಡಳದವರು "ಇಟಲಿಗೆ ಹೋಗಿ ಬಂದೀರಿ, ಏನೇನ ನೋಡಿದ್ರಿ ಬರದು ಕೊಡ್ರಿ" ಅಂತ ಬೆನ್ನ ಹತ್ಯಾರ. ಬರದೀನಿ. ಆದ್ರ ಅಲ್ಲಿ ಚರ್ಚು ಎಷ್ಟು ಎತ್ತರ, ಅದನ್ನ ಯಾವ ರಾಜ ಕಟ್ಟಿಸಿದ ಅಂತ ನನ್ನ ಕೇಳಬ್ಯಾಡ್ರಿ. ನಾ ಹೋದದ್ದು ಗಂಡಿನ ಮನಿ ನೋಡಾಕ.

ನನ್ನ ಮೊಮ್ಮಗಳು ಅಶ್ವಿನಿ ಚಿಂಚವಾಡದ ಫ್ಯಾಕ್ಟರಿ ಒಳಗ ಇಂಜಿನಿಯರ್. ಅಲ್ಲಿ ಹೊಸಾ ಮಷಿನ್ ಕೂಡಿಸಾಕ ಇಟಲಿಯಿಂದ ಒಬ್ಬ ಹುಡುಗ ಬಂದ. ಹೆಸರು ಸಾಲ್ವೊ. ಮಷಿನ್ ಕುಂತು ನಡ್ಯಾಕ ಹತ್ತಿತು, ಹುಡುಗ ಮಾತ್ರ ವಾಪಸ್ ಹೋಗವೊಲ್ಲ. ಇಬ್ಬರೂ ಮದಿವಿ ಆಗ್ತೀವಿ ಅಂದ್ರು. ಮನ್ಯಾಗ ಜಗಳ ಆತು. ಜಾತಿ ಆತು, ದೇವರು ಆತು, ಮಾಂಸ ಆತು. ಆರು ತಿಂಗಳ ಮ್ಯಾಲ ಎಲ್ಲಾರಿಗೂ ದಣವಾತು. ನನ್ನ ಮಗ ಬಸು ಹಿಟ್ಟಿನ ಗಿರಣಿ ನಡಸ್ತಾನ, ಮಾತು ಕಡಿಮಿ, ಸಿಟ್ಟು ಜಾಸ್ತಿ. ಅಂವ ಅಂದ: "ಅವ್ವಾ, ನಾ ಹೋದ್ರ ಜಗಳಾ ತಗದು ಬರ್ತೀನಿ. ನೀ ಹೋಗಿ ಮನಿ ನೋಡಿ ಬಾ. ನೀ ಹೂಂ ಅಂದ್ರ ಹೂಂ. ಊಂಹೂಂ ಅಂದ್ರ ಅಕಿ ಅಂವನ ಹೆಸರು ತಗಿಬಾರದು."

ಅಶ್ವಿನಿ ಅದಕ್ಕ ಒಪ್ಪಿದ್ಲು. ಅಜ್ಜಿ ಎಲ್ಲಿ ವಿಮಾನ ಹತ್ತತಾಳ ಅಂತ ತಿಳದಿದ್ಲೋ ಏನೋ.

ಮನಿ ನೋಡೂದು ಅಂದ್ರ ಏನಂತ ಈಗಿನ ಹುಡುಗ್ಯಾರಿಗೆ ಗೊತ್ತಿಲ್ಲ, ಅದಕ್ಕ ಹೇಳ್ತೀನಿ. ಹೆಣ್ಣಿನ ಕಡೆ ಹಿರ್ಯಾರು ಗಂಡಿನ ಮನಿಗೆ ಹೋಗಬೇಕು. ನೀರು ಎಲ್ಲಿಂದ ಬರ್ತದ, ಅಡಗಿಮನಿ ಹೆಂಗದ, ಅತ್ತಿಯ ಬಾಯಿ ಹೆಂಗದ ನೋಡಬೇಕು. ಬಾಜೂ ಮನಿಯವರನ್ನ ಕೇಳಬೇಕು. ಮತ್ತ ಒಪ್ಪಿಗಿ ಆಗೂತನಕ ಆ ಮನ್ಯಾಗ ಬಾಯಾಗ ಏನೂ ಹಾಕಬಾರದು. ನೀರು ನಡೀತದ. ಒಂದು ತುತ್ತು ತಿಂದ್ರ ಹೆಣ್ಣು ಕೊಟ್ಟಂಗ. ನಮ್ಮ ಕಡೆ ಹಿಂಗ. ನಾ ಮೂರು ನಾದಿನ್ಯಾರಿಗೆ, ಒಬ್ಬ ಮಗಳಿಗೆ ಹಿಂಗ ಮನಿ ನೋಡಿ ಕೊಟ್ಟಾಕಿ.

ವಿಮಾನ

ವಿಮಾನದ ಬಗ್ಗೆ ಭಾಳ ಹೇಳೂದಿಲ್ಲ. ಮುಂಬೈದಾಗ ನನ್ನ ಗಾಲಿ ಕುರ್ಚಿ ಮ್ಯಾಲ ಕುಂಡ್ರಿಸಿದ್ರು. "ನನಗ ನಡ್ಯಾಕ ಬರ್ತದ" ಅಂದ್ರೂ ಕೇಳಲಿಲ್ಲ. ಅಶ್ವಿನಿ ಕಿವ್ಯಾಗ ಅಂದ್ಲು: "ಸುಮ್ಮ ಕುಂಡ್ರು ಅಜ್ಜಿ, ಪಾಳಿ ಹಚ್ಚೂದು ತಪ್ಪತದ." ಹಂಗಾದ್ರ ಸರಿ ಅಂತ ಕುಂತೆ. ಕಾಲು ಎರಡೂ ನೆಟ್ಟಗಿದ್ದು ಕುರ್ಚಿ ಮ್ಯಾಲ ಹೋಗೂದು ಒಂದ ನಮೂನಿ ಮಂತ್ರಿಗಳ ಬದುಕು.

ಚೀಲದಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡಿದ್ದೆ. ಅಲ್ಲಿ ಇಳದು ನೋಡಿದ್ರ ರೊಟ್ಟಿ ಎಲ್ಲಾ ಪುಡಿ. ಮೊದಲ ಮೂರು ದಿನ ನಾ ರೂಮಿನ್ಯಾಗ ಪುಡೀನ ಮೊಸರಿನ್ಯಾಗ ಕಲಸಿ ತಿಂದೆ. ರೂಮ್ ನಾವ ಹಿಡಿದಿದ್ವಿ. ಗಂಡಿನ ಮನ್ಯಾಗ ಇರೂದು ಮೊದಲ ಸರಿ ಅಲ್ಲ.

ಚೆಫಲೂ

ಊರಿನ ಹೆಸರು ಚೆಫಲೂ. ಸಿಸಿಲಿ ಅಂತ ದ್ವೀಪ ಅದ, ಅದರ ದಂಡಿ ಮ್ಯಾಲ. ಹಿಂದ ಒಂದು ದೊಡ್ಡ ಬಂಡೆಗಲ್ಲಿನ ಗುಡ್ಡ, ಮುಂದ ಸಮುದ್ರ, ನಡುವ ಊರು ಸಿಗಬಿದ್ದದ. ಓಣಿ ಎಷ್ಟು ಸಣ್ಣವು ಅಂದ್ರ ಈ ಮನಿ ಕಿಟಕಿಯಿಂದ ಆ ಮನಿ ಕಿಟಕಿಗೆ ಉಪ್ಪು ಕೊಡಬಹುದು. ಮ್ಯಾಲ ನೋಡಿದ್ರ ಆಕಾಶ ಕಾಣಂಗಿಲ್ಲ, ಒಣಾ ಹಾಕಿದ ಅರಿವಿ ಕಾಣ್ತಾವು. ಗಂಡಸರ ಚಡ್ಡಿ ಸುದ್ಧಾ ಓಣಿಗೆ ಅಡ್ಡ ಕಟ್ಟಿರ್ತಾರ. ಅದರ ಕೆಳಗ ನಿಂತು ಎಲ್ಲಾ ದೇಶದ ಜನ ಫೋಟೋ ಹೊಡಕೋತಾರ. ನಮ್ಮ ಚಾಳಿನ್ಯಾಗ ಹಂಗ ಹಾಕಿದ್ರ ಸೊಸೈಟಿ ಚೇರಮನ್ ನೋಟೀಸ್ ಕೊಡ್ತಾನ.

ಸಮುದ್ರದ ದಂಡಿಗೆ ಜನ ಅರಿವಿ ಕಳದು ಬಿಸಿಲಿಗೆ ಮಕ್ಕೊಂಡಿದ್ರು. ತುಸು ಹೊತ್ತಿಗೊಮ್ಮೆ ಮಗ್ಗಲಾ ಬದಲಿ ಮಾಡ್ತಾರ, ಹಪ್ಪಳಾ ಒಣಗಿಸಿದಂಗ. ನಾ ಸೆರಗು ತಲಿಮ್ಯಾಲ ಹೊತಗೊಂಡು ನೆರಳು ಹುಡಕಾಕ ಹತ್ತಿದ್ರ ಅವರು ನನ್ನ ನೋಡಿ ನಕ್ಕರು. ನಾನೂ ಅವರನ್ನ ನೋಡಿ ನಕ್ಕೆ. ಲೆಕ್ಕ ಸರಿ ಆತು.

ಮಧ್ಯಾಹ್ನ ಒಂದು ಹೊಡೀತು, ಅಂಗಡಿ ಎಲ್ಲಾ ಬಂದ್. ನಾಕರ ತನಕ ಊರಿಗೆ ಊರ ಮಲಗತದ. "ಅಜ್ಜಿ, ಇಲ್ಲಿ ಹಿಂಗ" ಅಂತ ಅಶ್ವಿನಿ ಹೇಳಾಕ ಬಂದ್ಲು. ನನಗ ಹೇಳ್ತಿ ಏನ? ಐವತ್ತು ವರ್ಷ ಆತು ಪುಣೆ ಪೇಠಿನ ಅಂಗಡಿಯವರ ಒಂದರಿಂದ ನಾಕರ ನಿದ್ದಿ ನೋಡಕೋತ ಬಂದೀನಿ. "ಒಂದರಿಂದ ನಾಕು ಬಂದ್" ಅನ್ನೂ ಬೋರ್ಡ್ ಒಂದ ಇಲ್ಲಿ ಕಡಿಮಿ ಇತ್ತು.

ಕಾರ್ಮೆಲಾಬಾಯಿ ಅಡಗಿಮನಿ

ಸಾಲ್ವೊನ ಅವ್ವ ಕಾರ್ಮೆಲಾ. ಗಂಡ ಹೋಗಿ ಹತ್ತು ವರ್ಷ ಆಗಿತ್ತು. ನನಗಿಂತ ಐದಾರು ವರ್ಷ ಸಣ್ಣಾಕಿ, ನನಗಿಂತ ಎರಡರಷ್ಟು ಅಗಲ. ನಾ ಕಾರ್ಮೆಲಾಬಾಯಿ ಅಂದೆ, ಅಕಿಗೆ ಅದು ಖುಷಿ ಆತು. ಹುಡುಗ ಬಾಗಲದಾಗ ನಿಂತು ಎರಡೂ ಕೈ ಜೋಡಿಸಿ "ನಮಸ್ಕಾರ್ರೀ ಅಜ್ಜಿ" ಅಂದ. ಯಾರು ಕಲಿಸ್ಯಾರ ಅಂತ ಬ್ಯಾರೆ ಹೇಳಬೇಕಾಗಿಲ್ಲ. ಆಳು ಎತ್ತರ, ನಾಚಿಕಿ ಸ್ವಭಾವ, ಕುರ್ಚಿ ಸರಸೂದು ಬಿಟ್ಟು ಕೈಗೆ ಬ್ಯಾರೆ ಕೆಲಸ ತಿಳೀವಲ್ದು.

ಟೇಬಲ್ ಮ್ಯಾಲ ಒಂಬತ್ತು ತಾಟು ಇದ್ದವು. ನಾ ಮಾಂಸ ಮೀನು ತಿನ್ನೂದಿಲ್ಲ ಅಂತ ಮೊದಲ ತಿಳಕೊಂಡು ಎಲ್ಲಾ ಕಾಯಿಪಲ್ಯೆದ್ದ ಮಾಡಿದ್ಲು. ಬದನಿಕಾಯಿ ನಾಕು ನಮೂನಿ. ಆ ವಾಸನಿಗೆ ನನ್ನ ಹೊಟ್ಟಿ ಕೂಗಿತು. ಆದ್ರ ನಾ "ನೀರು ಸಾಕು" ಅಂದೆ.

ಕಾರ್ಮೆಲಾಬಾಯಿ ಮಾರಿ ನೋಡಬೇಕಿತ್ತು. ಅಕಿ ಜೀವನದಾಗ ಆ ಮನಿ ಹೊಸ್ತಲಾ ದಾಟಿದಾಂವ ಯಾರೂ ತಿನ್ನದ ಹೋಗಿದ್ದಿಲ್ಲ ಅಂತ ಕಾಣ್ತದ. ಒಂದು ತಾಟು ಮುಂದ ಸರಸಿದ್ಲು. ನಾ ಹಿಂದ ಸರಸಿದೆ. ಅಕಿ ಮತ್ತ ಸರಸಿದ್ಲು. ಹಿಂಗ ತಾಟು ನಾಕು ಸಲ ಓಡಾಡಿತು. ಆಮ್ಯಾಲ ನನ್ನ ಹಣಿ ಮುಟ್ಟಿ ಜ್ವರ ನೋಡಿದ್ಲು. ಒಳಗ ಹೋಗಿ ಬರೇ ಅನ್ನ ಕುದಿಸಿ ತಂದ್ಲು. ಅದೂ ಬ್ಯಾಡ ಅಂದೆ.

"ಅಕಿಗೆ ನಮ್ಮ ಪದ್ಧತಿ ತಿಳಿಸಿ ಹೇಳು" ಅಂತ ಅಶ್ವಿನಿಗೆ ಅಂದೆ. ಅಶ್ವಿನಿ ಒಂದೂವರಿ ವರ್ಷ ಕ್ಲಾಸಿಗೆ ಹೋಗಿ ಅವರ ಭಾಷಾ ಕಲಿತಾಕಿ. ನಾ ಹತ್ತು ಮಾತು ಹೇಳಿದ್ದೆ, ಅಕಿ ಎರಡು ಮಾತಿನ್ಯಾಗ ಮುಗಿಸಿದ್ಲು. ತಕ್ಷಣ ಕಾರ್ಮೆಲಾಬಾಯಿ ಮಾರಿ ಅರಳಿತು, ಶಿಲುಬಿ ಮುಟ್ಟಿಕೊಂಡು ಏನೋ ಕೇಳಿದ್ಲು.

"ಏನಂತಾಳ?"

"ಯಾವ ದೇವರ ಉಪವಾಸ ಅಂತ ಕೇಳ್ತಾಳ, ಅಜ್ಜಿ."

"ನಾ ಎಲ್ಲೆ ಉಪವಾಸ ಅಂದೆ?"

"ಮತ್ತೇನ ಹೇಳ್ಲಿ? ನಿಮ್ಮ ಮನಿ ಇನ್ನಾ ಪಾಸಾಗಿಲ್ಲ, ಅದಕ್ಕ ನಮ್ಮ ಅಜ್ಜಿ ಉಣ್ಣಂಗಿಲ್ಲ ಅನ್ಲಿ?"

"ಹಂಗ ಅನ್ನು. ಖರೇ ಅದ ಅಲ್ಲ?"

ಅಕಿ ಅನ್ನಲಿಲ್ಲ. ಕಾರ್ಮೆಲಾಬಾಯಿ ನನ್ನ ದೇವರಿಗೆ ತನ್ನ ದೇವರ ಮುಂದ ಒಂದು ಮೇಣಬತ್ತಿ ಹಚ್ಚಿದ್ಲು. ನನಗ ಒಂಚೂರು ಕೆಟ್ಟನಿಸಿತು. ಆದ್ರ ಕೆಲಸ ಕೆಲಸ. ಎದ್ದು ಮನಿ ನೋಡಾಕ ಹತ್ತಿದೆ. ನಳಾ ತಿರುವಿ ನೋಡಿದೆ. ಡಬ್ಬಿ ಮುಚ್ಚಳಾ ತಗದೆ. ಹಾಸಗಿ ಕೆಳಗ ಬಗ್ಗಿ ನೋಡಿದೆ. ಅಶ್ವಿನಿ ನಾಚಿಕಿಗೆ ಗ್ವಾಡಿ ಕಡೆ ಮಾರಿ ಮಾಡಿ ನಿಂತ್ಲು. ಕಾರ್ಮೆಲಾಬಾಯಿ ಮಾತ್ರ ಸಿಟ್ಟಾಗಲಿಲ್ಲ. ನಾ ಒಂದು ಕಪಾಟು ತಗದ್ರ ಅಕಿ ತಾನಾಗೇ ಬಾಜೂದ್ದ ತಗದು ತೋರಿಸಿದ್ಲು. ಕಡೀಕೆ ಒಲಿ ಹಿಂದಿನ ಗ್ವಾಡಿ ಸುದ್ಧಾ ಬೆರಳಲೇ ಒರಸಿ ಆ ಬಟ್ಟ ನನ್ನ ಮುಂದ ಹಿಡಿದ್ಲು, ಎಣ್ಣಿ ಜಿಡ್ಡು ಇಲ್ಲ ನೋಡು ಅನ್ನಂಗ. ಇಬ್ಬರಿಗೂ ಭಾಷಾ ಬರ್ತಿದ್ದಿಲ್ಲ. ಆದ್ರ ನಾ ಯಾಕ ಬಂದೀನಿ ಅನ್ನೂದು ಅಕಿಗೆ ಅಶ್ವಿನಿಗಿಂತ ಚಲೋ ತಿಳದಿತ್ತು.

ಅರಿವಿ ಒಗಿಯೂ ಕಟ್ಟಿ

ಎರಡನೇ ದಿನ ಮಧ್ಯಾಹ್ನ ಊರು ಮಲಗಿದಾಗ ಅಶ್ವಿನಿನೂ ಮಲಗಿದ್ಲು. ನಾ ಚಪ್ಪಲಿ ಮೆಟ್ಟಿ ಹೊಂಟೆ. ಬಾಜೂ ಮನಿಯವರನ್ನ ಕೇಳೂದು ಬಾಕಿ ಇತ್ತು. ಅದಕ್ಕ ಮೊಮ್ಮಗಳು ಜೋಡಿಗಿರಬಾರದು. ಭಾಷಾ ಬರಂಗಿಲ್ಲಲ್ಲ ಅಂತ ನೀವು ಅಂತೀರಿ. ಆ ಊರಿನವರು ಬಾಯಿಲೆ ಅಲ್ಲ, ಕೈಲೆ ಮಾತಾಡ್ತಾರ. ಅದನ್ನ ನಾ ಒಂದ ದಿನಕ್ಕ ಹಿಡದಿದ್ದೆ.

ನಾಕು ಓಣಿ ತಿರಗಿದ ಮ್ಯಾಲ ದಾರಿ ತಪ್ಪಿತು. ಕರೀ ಕಲ್ಲಿನ ಮೆಟ್ಟಲಾ ಕೆಳಗ ಇಳದಿದ್ವು, ಇಳದೆ. ಅಲ್ಲಿ ಹಳೇ ಕಾಲದ್ದು ಅರಿವಿ ಒಗಿಯೂ ಕಟ್ಟಿ ಇತ್ತು. ಕಲ್ಲಿನ ತೊಟ್ಟಿ ಸಾಲಾಗಿ, ಸಿಂಹದ ಬಾಯಿಂದ ತಣ್ಣನ ನೀರು, ಒಗ್ಯಾಕ ಇಳಿಜಾರ ಕಲ್ಲು. ನೂರಾರು ವರ್ಷದ್ದಂತ. ಈಗ ಯಾರೂ ಒಗ್ಯಂಗಿಲ್ಲ. ಇಡೀ ಆ ಊರಾಗ ನನಗ ಪೂರಾ ತಿಳದ ಜಾಗ ಅದೊಂದ. ಕಲ್ಲು ಎಲ್ಲಿ ಸವದದ ನೋಡಿದ್ರ, ಎಷ್ಟು ಹೆಣ್ಣಮಕ್ಕಳ ಸೊಂಟ ಹೋಗ್ಯಾವು ಅಂತ ಗೊತ್ತಾಗ್ತದ. ಸೀರಿ ಸೆರಗಿಗೆ ಮುಂಜಾನೆ ಚಹಾ ಚೆಲ್ಲಿತ್ತು. ಕುಂತು ತಿಕ್ಕಿದೆ. ಫೋಟೋ ಹೊಡ್ಯಾಕ ಬಂದ ಇಬ್ಬರು ನನ್ನ ಫೋಟೋ ಹೊಡದ್ರು. ಇದ ಊರಿನ ಪದ್ಧತಿ ಅಂತ ತಿಳಕೊಂಡಿರಬೇಕು. ಅವರ ಮನಿ ಗ್ವಾಡಿ ಮ್ಯಾಲ ಈಗ ನಾ ಇದ್ದರೂ ಇರಬಹುದು.

ಅಷ್ಟೊತ್ತಿಗೆ ಕರೀ ಅಂಗಿ ತೊಟ್ಟ ಮುದುಕಿ ಒಬ್ಬಾಕಿ ಕಾಯಿಪಲ್ಯೆ ಚೀಲಾ ಇಟ್ಟು ನನ್ನ ಬಾಜೂ ಕುಂತ್ಲು. ನನ್ನ ಕಡೆ ಸಾಲ್ವೊನ ಫೋಟೋ ಇತ್ತು, ಬಸು ಕೊಟ್ಟು ಕಳಿಸಿದ್ದು. ತಗದು ತೋರಿಸಿದೆ. ಹೆಂಗದಾನ ಅಂತ ಕೈ ತಿರುವಿದೆ. ಅಕಿ ತನ್ನ ಗಲ್ಲಕ್ಕ ಬಟ್ಟ ಒತ್ತಿ ತಿರುವಿದ್ಲು, ಮಾರಿ ನಗು ಮಾಡಿ. ಚಲೋ ಅದಾನ ಅಂದಂಗ. ಆಮ್ಯಾಲ ಉಂಗುರದ ಬಟ್ಟ ತೋರಿಸಿದ್ಲು. ಉಂಗುರ ಹಾಕಿದಂಗ ಮಾಡಿದ್ಲು. ಉಂಗುರ ತಗದಂಗ ಮಾಡಿದ್ಲು.

ಹುಡುಗಗ ಮೊದಲ ಒಬ್ಬಾಕಿ ಹೆಂಡ್ತಿ ಇದ್ಲು ಅಂದಂಗ.

ಸತ್ತಾಳೇನು ಅಂತ ನಾ ಕೈ ಕೆನ್ನಿ ಕೆಳಗ ಇಟ್ಟು ಕಣ್ಣು ಮುಚ್ಚಿ ಕೇಳಿದೆ. ಅಕಿ ಗದ್ದಾ ಮ್ಯಾಲ ಎತ್ತಿ "ಚ್" ಅಂದ್ಲು. ಅಂಗೈ ಮ್ಯಾಲ ಎರಡು ಬಟ್ಟ ನಡಸಿ ತೋರಿಸಿದ್ಲು. ಬಿಟ್ಟು ಹೋದ್ಲು ಅಂದಂಗ. ಆಮ್ಯಾಲ ಬಟ್ಟಲೇ ಕತ್ತರಿ ಮಾಡಿ ತನ್ನ ಕೂದಲಾ ಕತ್ತರಿಸಿದಂಗ ಮಾಡಿ, ಮ್ಯಾಲಿನ ಓಣಿ ಕಡೆ ಕೈ ತೋರಿಸಿದ್ಲು.

ಮತ್ತ ಅಡಗಿಮನಿ

ಅಶ್ವಿನಿನ್ನ ಎಬ್ಬಿಸಿದೆ. "ಆ ಹುಡುಗಗ ಮೊದಲ ಮದಿವಿ ಆಗಿತ್ತು?" ಅಂದೆ.

ಅಕಿ ಎದ್ದು ಕುಂತ್ಲು. ಸುಳ್ಳು ಹೇಳಲಿಲ್ಲ, ಅದೊಂದು ಚಲೋ. "ಹೌದು. ಎರಡು ವರ್ಷ. ಕೋರ್ಟಿನ್ಯಾಗ ಮುಗದದ. ಮಕ್ಕಳಿಲ್ಲ."

"ನಿನಗ ಯಾವಾಗ ಗೊತ್ತು?"

"ಮೊದಲನೇ ತಿಂಗಳಿಂದ. ಅಂವ ತಾನ ಹೇಳಿದ. ಪಪ್ಪಾಗ ಹೇಳಿದ್ರ ಅವತ್ತ ಮುಗಸ್ತಿದ್ರು, ಅಜ್ಜಿ. ಜಾತಿಗೇ ಆರು ತಿಂಗಳು ಬೇಕಾತು. ಮದಿವಿ ಆದ ಮ್ಯಾಲ ಹೇಳೋಣಂತ..."

"ನಡಿ" ಅಂದೆ. ಕಾರ್ಮೆಲಾಬಾಯಿ ಮನಿಗೆ ಕರಕೊಂಡು ಹೋದೆ. ಅಲ್ಲಿ ಸಾಲ್ವೊನೂ ಇದ್ದ. ನಿಂತಲ್ಲೇ ಹೇಳಿದೆ: "ನಾ ಅಂದಷ್ಟೂ ಹೇಳು. ಒಂದು ಮಾತು ಕಡಿಮಿ ಮಾಡಿದ್ರ ನಾಳೆ ವಿಮಾನ ಹತ್ತಿ ಹೋಗೂಣು. ಇವರು ನಮ್ಮಿಂದ ಯಾಕ ಮುಚ್ಚಿಟ್ಟರು ಅಂತ ಕೇಳು."

ಅಶ್ವಿನಿ ಕೆಂಪಾಗಿ ಕೇಳಿದ್ಲು. ಕಾರ್ಮೆಲಾಬಾಯಿ ಮೊದಲಿಗೆ ಮಗನ್ನ ನೋಡಿದ್ಲು. ಮಗ ಅಶ್ವಿನಿನ್ನ ನೋಡಿದ. ಅಂವ ಏನೋ ಮೆತ್ತಗ ಅಂದ. ತಿಳದ ಕೂಡಲೆ ಕಾರ್ಮೆಲಾಬಾಯಿ ಟೇಬಲ್ ಗುದ್ದಿ ನಮ್ಮ ಹುಡುಗಿಗೆ ಬೈಯಾಕ ಹತ್ತಿದ್ಲು. ನನ್ನ ಮುಂದ, ಕೈ ಹಾರಿಸಿ, ಉಸಿರು ತಗೊಳ್ಳದ.

"ಏನಂತಾಳ?"

"ಬೈಯಾಕ ಹತ್ಯಾಳ."

"ಅದು ನನಗೂ ಕಾಣ್ತದ. ಏನಂತ?"

ಅಶ್ವಿನಿ ನೆಲ ನೋಡಕೋತ ಹೇಳಿದ್ಲು: "ನಿಮ್ಮ ಮನ್ಯಾಗ ಹೇಳಿದಿ ಇಲ್ಲೋ ಅಂತ ನಾ ಎರಡು ಸಲ ಕೇಳಿದ್ದೆ, ಹೇಳೀನಿ ಅಂದಿ. ಈಗ ಈ ವಯಸ್ಸಿನಾಕಿ ಸಮುದ್ರ ದಾಟಿ ಬಂದು ಓಣ್ಯಾಗ ಕೇಳಿ ತಿಳಕೊಂಡ್ಲು. ನನ್ನ ಮನಿ ಮರ್ಯಾದಿ ಏನಾತು, ಅಂತಾಳ."

ಅವಾಗ ನನಗ ಆ ಹೆಣ್ಣಮಗಳು ಹಿಡಿಸಿದ್ಲು. ಮನಿ ಪಾಸಾತು, ನಮ್ಮ ಹುಡುಗಿ ಫೇಲಾದ್ಲು. ನನ್ನ ಜಲ್ಮದಾಗ ಹಂಗ ಆಗಿದ್ದು ಅದ ಮೊದಲು.

ಆದ್ರೂ ಉಣ್ಣಲಿಲ್ಲ. ಇನ್ನೊಬ್ಬಾಕಿನ್ನ ಕೇಳೂದು ಉಳದಿತ್ತು.

ಪಾರ್ಲರ್

ಮೂರನೇ ದಿನ ಮುಂಜಾನೆ ಮ್ಯಾಲಿನ ಓಣಿಗೆ ಹೋದ್ವಿ. ಮೊದಲನೇ ಹೆಂಡ್ತಿ ಲುಚಿಯಾ ಅಲ್ಲಿ ಪಾರ್ಲರ್ ಇಟ್ಟಾಳ. ಅಶ್ವಿನಿ ಓಣಿ ತುಂಬ ಅಳಕೋತ ಬಂದ್ಲು: "ಅಜ್ಜಿ, ಯಾರಾದರೂ ಹಿಂಗ ಮಾಡ್ತಾರೇನ? ಏನಂತ ತಿಳಕೊಂಡಾಳು ಅಕಿ?"

"ನೀ ಹಳೇ ಕಾರು ತಗೊಂಡಿದ್ರ ಮೊದಲು ನಡಸಿದಾಕಿನ್ನ ಕೇಳತಿದ್ದಿಲ್ಲ?"

ಒಳಗ ಹೋದ ಕೂಡಲೆ ಲುಚಿಯಾ ನನ್ನ ಕುರ್ಚಿ ಮ್ಯಾಲ ಕುಂಡ್ರಿಸಿ ಕೊರಳಿಗೆ ಅರಿವಿ ಕಟ್ಟಿ ತಲಿ ಹಿಂದ ಬಗ್ಗಿಸಿಬಿಟ್ಟಳು. ನಾ ಬಾಯಿ ತಗ್ಯೂದರಾಗ ತಲಿಮ್ಯಾಲ ಬಿಸಿ ನೀರು. ಅಶ್ವಿನಿ ಬಾಗಲದಾಗ ನಿಂತಿದ್ಲು. "ಕೇಳು" ಅಂದೆ, ಕಣ್ಣಾಗ ಸೋಪು ಹೋಗಿತ್ತು. "ಅಂವನ್ನ ಯಾಕ ಬಿಟ್ಟಿ ಅಂತ ಕೇಳು."

ಅಶ್ವಿನಿ ಕೇಳಿದ್ಲು. ನನ್ನ ತಲಿ ತಿಕ್ಕುವ ಕೈ ನಿಂತಿತು. ಲುಚಿಯಾ ಜೋರಾಗಿ ನಕ್ಕು, ಮತ್ತ ತಿಕ್ಕಾಕ ಹತ್ತಿದ್ಲು. ತಿಕ್ಕೋತ ಹೇಳಿದ್ಲು.

"ಕೆಟ್ಟಾಂವ ಅಲ್ಲಂತ" ಅಂತ ಅಶ್ವಿನಿ ಅಂದ್ಲು. "ಹೊಡದಿಲ್ಲ, ಕುಡದಿಲ್ಲ. ಆದ್ರ ವರ್ಷದಾಗ ಎಂಟು ತಿಂಗಳು ಮಷಿನ್ ಹಿಂದ ಊರೂರು. ಅಂವ ಮಷಿನ್ ಬಿಡಲಿಲ್ಲ, ನಾ ಈ ಊರು ಬಿಡಲಿಲ್ಲ, ಅಂತಾಳ."

"ಮತ್ತ?"

"ಅಷ್ಟ."

"ಅಕಿ ಇನ್ನೂ ಭಾಳ ಹೇಳಿದ್ಲು. ನನ್ನ ಕಿವಿ ತೊಳದಾರ, ಹೊಲದಿಲ್ಲ."

ಅಶ್ವಿನಿ ಕಣ್ಣು ಒರಸಿಕೊಂಡ್ಲು. "ಸಿಟ್ಟು ಬಂದ್ರ ಬಾಯಿ ಮುಚ್ಚತಾನಂತ. ಒಮ್ಮೆ ಹದಿನೆಂಟು ದಿನ ಮಾತಾಡಲಿಲ್ಲಂತ. ಆ ಹದಿನೆಂಟು ದಿನದಾಗ ನಾ ಬಿಟ್ಟೆ ಅಂತಾಳ."

ಅದನ್ನ ನಮ್ಮಾಕಿ ಬಾಯಿಲೇ ಹೇಳಿಸಿದ್ದು ಚಲೋ ಆತು. ತಾನ ಅಂದ ಮಾತು ತಾನ ಕೇಳಿಸಿಕೊಂಡ್ಲು. ಆಮ್ಯಾಲ ಲುಚಿಯಾ ನನ್ನ ಕೂದಲಾ ಒರಸಿ, ಹಣಗಿ ಹಿಡಿದು, ಕನ್ನಡಿಯಾಗ ನನ್ನ ನೋಡಿ ಒಂದು ಮಾತು ಕೇಳಿದ್ಲು. ಇದನ್ನ ಅಶ್ವಿನಿ ತಡ ಮಾಡದ ಹೇಳಿದ್ಲು: "ಇಲ್ಲೀತನಕ ನನ್ನ ಯಾರೂ ಕೇಳಿಲ್ಲ, ನೀ ಯಾಕ ಕೇಳಾಕ ಬಂದಿ, ಅಂತಾಳ."

"ಮತ್ಯಾರನ್ನ ಕೇಳ್ಲಿ? ಅವನ ಜೋಡಿ ಬಾಳೇ ಮಾಡಿದಾಕಿ ನೀನ ಅಂತ ಹೇಳು."

ಲುಚಿಯಾ ಅಶ್ವಿನಿನ್ನ ಮೊದಲನೇ ಸಲ ಸರಿಯಾಗಿ ನೋಡಿದ್ಲು. "ನಿನಗ ನಿಂದ ನೌಕರಿ ಅದ?" ಅಂತ ಕೇಳಿದ್ಲಂತ. ಅದ ಅಂದ್ಲು ನಮ್ಮಾಕಿ. "ಹಂಗಾದ್ರ ಅಂವ ಬಾಯಿ ಮುಚ್ಚಿದಾಗ ನೀ ಕೆಲಸಕ್ಕ ಹೋಗು" ಅಂದ್ಲಂತ. ನನ್ನ ತುರುಬು ಗಟ್ಟಿಯಾಗಿ ಕಟ್ಟಿ ಕಳಿಸಿದ್ಲು. ಎರಡು ದಿನ ಬಿಚ್ಚಲಿಲ್ಲ.

ಸಮುದ್ರದ ದಂಡಿ

ಪಾರ್ಲರಿಂದ ಇಳದು ಸಮುದ್ರದ ಕಟ್ಟಿ ಮ್ಯಾಲ ಕುಂತ್ವಿ. "ನಿಮ್ಮಪ್ಪಗ ಫೋನ್ ಹಚ್ಚು" ಅಂದೆ. "ಎಲ್ಲಾ ಹೇಳು. ನಾ ಹೇಳೂದಿಲ್ಲ. ಮುಚ್ಚಿಟ್ಟಾಕಿ ನೀ."

ಹಚ್ಚಿದ್ಲು. ಬಸು ಒದರಿದ್ದು ನನಗ ಕೇಳಸ್ತಿತ್ತು, ಹಿಂದ ಗಿರಣಿ ಸಪ್ಪಳ ಇದ್ರೂ. ಅಶ್ವಿನಿ ನಡುವ ಬಾಯಿ ಹಾಕಲಿಲ್ಲ, ಫೋನ್ ಇಡಲಿಲ್ಲ, ಪೂರಾ ಕೇಳಿದ್ಲು. ಕಡೀಕೆ "ಅವ್ವಗ ಕೊಡು" ಅಂದ.

"ಅವ್ವಾ, ನೀ ಏನಂತಿ?"

"ಹುಡುಗ ಮುಚ್ಚಿಟ್ಟಿಲ್ಲ. ಅವನ ಅವ್ವ ಮುಚ್ಚಿಟ್ಟಿಲ್ಲ. ಬಿಟ್ಟು ಹೋದಾಕಿ ಸುದ್ಧಾ ಅಂವನ್ನ ಬೈಯಲಿಲ್ಲ, ಅಂವನ ಕೊರತಿ ಏನದ ಅಂತ ಹೇಳಿದ್ಲು, ನಿನ್ನ ಮಗಳು ಅದನ್ನ ಕೇಳ್ಯಾಳ. ನಾ ಇವತ್ತ ಸಂಜಿಗೆ ಆ ಮನ್ಯಾಗ ಉಣ್ಣತೀನಿ."

ಬಸು ಅಂದ: "ಉಣ್ಣು."

ಉಂಡೆ. ಹುಳಿ-ಸಿಹಿ ಬದನಿಕಾಯಿ ಪಲ್ಯೆ ಮೂರು ಸಲ ಹಾಕಿಸಿಕೊಂಡೆ. ಕಾರ್ಮೆಲಾಬಾಯಿ ತಾನು ಕುಂಡ್ರಲಿಲ್ಲ, ನನ್ನ ಬಾಯಿ ನೋಡಕೋತ ನಿಂತಿದ್ಲು. ಖರೇ ಹೇಳಬೇಕಂದ್ರ ಉಪ್ಪು ಕಡಿಮಿ ಇತ್ತು. ಹೇಳಿದೆ. ಅಶ್ವಿನಿ ಅದನ್ನೂ ಇದ್ದದ್ದು ಇದ್ದಂಗ ಹೇಳಿದ್ಲು. ಕಾರ್ಮೆಲಾಬಾಯಿ ಉಪ್ಪಿನ ಡಬ್ಬಿ ತಂದು ನನ್ನ ಮುಂದ ಕುಕ್ಕಿದ್ಲು.

ಹೊಳ್ಳಿ ರೂಮಿಗೆ ಬರೂವಾಗ ಅಶ್ವಿನಿ ಕೇಳಿದ್ಲು: "ಅಜ್ಜಿ, ನಿನಗ ಸಿಟ್ಟು ಬಂದದ್ದು ಅಂವಂದು ಎರಡನೇ ಮದಿವಿ ಅಂತನೋ, ನಾ ಹೇಳಲಿಲ್ಲ ಅಂತನೋ?"

ಅವಾಗ ಹೇಳಿದೆ. ಹದಿನಾರಕ್ಕ ನನ್ನ ಪುಣೆ ಕಡೆ ದೌಂಡದಾಗ ರೈಲ್ವೆ ಗ್ಯಾಂಗಮನ್‌ಗೆ ಕೊಟ್ಟರು. ಮೂರನೇ ದಿನ ಕ್ವಾರ್ಟರ್ಸಿನ ನಳದ ಕಡೆ ಕೊಡಾ ಇಟ್ಟು ನಿಂತಾಗ ಒಬ್ಬಾಕಿ ಕೇಳಿದ್ಲು: "ಎರಡನೇಕಿ ನೀನ ಏನ?" ಮೊದಲನೇಕಿಗೆ ಮಕ್ಕಳಾಗಲಿಲ್ಲಂತ ತವರಿಗೆ ಕಳಿಸಿದ್ರಂತ. ಜೀವಂತ ಇದ್ಲು. ನನ್ನ ಕಡೆಯವರು ಮನಿ ನೋಡ್ಯಾರ, ಉಂಡ ಬಂದಾರ, ಯಾರೂ ಹೇಳಿರಲಿಲ್ಲ. ನಾನೂ ಅವತ್ತಿಂದ ಯಾರ ಮುಂದೂ ಹೇಳಲಿಲ್ಲ. ಅಕಿನ್ನ ಒಮ್ಮೆನೂ ಹೋಗಿ ನೋಡಲಿಲ್ಲ. ಯಾವಾಗ ಸತ್ಲೋ ಅದೂ ಗೊತ್ತಿಲ್ಲ.

ಅಶ್ವಿನಿ ನಿಂತುಬಿಟ್ಲು. "ಪಪ್ಪಾಗ ಗೊತ್ತದ?"

"ಇಲ್ಲ."

ಅಕಿ ತಾನು ಬೈಸಿಕೊಂಡ ಫೋನನ್ನ ಕೈಯಾಗ ಹಿಡಕೊಂಡು ನನ್ನ ಮಾರಿ ನೋಡಿದ್ಲು, ಅಷ್ಟ.

ಮರುದಿನ ಮುಂಜಾನೆ ಚಹಾ ಕುಡಿಯೂಕ್ಕಿಂತ ಮೊದಲ ಅಶ್ವಿನಿ ಫೋನ್ ಇಸಗೊಂಡೆ. "ಬಸೂ, ಗಿರಣಿ ಬಂದ್ ಮಾಡಿ ಕುಂಡ್ರು" ಅಂದೆ. "ನಿಮ್ಮಪ್ಪನ ಮದಿವಿ ಮಾತು ಒಂದು ಹೇಳೂದದ."